ಗ್ರಹಗಳ ಪಥ ಕಂಡ ಭಕ್ತ ಜೋಹಾನ್ಸ್ ಕೆಪ್ಲರ್

ವಿಜ್ಞಾನಕ್ಕೂ ಕ್ರೈಸ್ತ ಧರ್ಮಕ್ಕೂ ನಡೆದ ತಿಕ್ಕಾಟದ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವ ಹೆಸರು ಗೆಲಿಲಿಯೊ. 1633ರಲ್ಲಿ ರೋಮಿನ ಧರ್ಮನ್ಯಾಯಾಲಯದ ಮುಂದೆ ಮಂಡಿಯೂರಿ ತನ್ನ ಮಾತನ್ನು ಹಿಂತೆಗೆದುಕೊಂಡ ಆ ವೃದ್ಧನ ಚಿತ್ರ ಜಗತ್ತಿನ ಮನಸ್ಸಿನಲ್ಲಿ ಅಚ್ಚೊತ್ತಿದೆ. ಆತನ ಸಮಕಾಲೀನನಾದ ಜರ್ಮನಿಯ ಜೋಹಾನ್ಸ್ ಕೆಪ್ಲರನ ಬದುಕು ಅದಕ್ಕಿಂತ ಜಟಿಲವಾದುದು. ಗ್ರಹಚಲನೆಯ ಮೂರು ನಿಯಮಗಳನ್ನು ಲೋಕಕ್ಕೆ ಕೊಟ್ಟ ಈ ಗಣಿತಜ್ಞ ಕೊನೆಯುಸಿರಿನವರೆಗೂ ಶ್ರದ್ಧಾವಂತ ಕ್ರೈಸ್ತನಾಗಿದ್ದನು. ಆತನ ವಿಜ್ಞಾನ ಹುಟ್ಟಿದ್ದೇ ಆ ಶ್ರದ್ಧೆಯಿಂದ. ಆದರೂ ಕ್ಯಾಥೊಲಿಕರು ಆತನನ್ನು ಊರಿನಿಂದ ಹೊರಗಟ್ಟಿದರು. ಆತನದೇ ಆದ ಲೂಥರನ್ ಸಭೆ ಪ್ರಭುಭೋಜನದಿಂದ ದೂರವಿಟ್ಟಿತು.

ಕೆಪ್ಲರ್ ಹುಟ್ಟಿದ್ದು 1571ರ ಡಿಸೆಂಬರ್ 27ರಂದು, ವೈಲ್ ಡೆರ್ ಸ್ಟಾಟ್ ಎಂಬ ಪುಟ್ಟ ಪಟ್ಟಣದಲ್ಲಿ. ತಂದೆ ಕೂಲಿ ಸೈನಿಕ. ಮನೆ ಬಿಟ್ಟು ಹೋದವನು ಕೊನೆಗೆ ಮರಳಲೇ ಇಲ್ಲ. ಬಾಲ್ಯದಲ್ಲಿ ತಗುಲಿದ ಸಿಡುಬು ಬಾಲಕನ ದೃಷ್ಟಿಯನ್ನು ಮಂದಗೊಳಿಸಿತು. 1577ರಲ್ಲಿ ಆಕಾಶದಲ್ಲಿ ದೊಡ್ಡ ಧೂಮಕೇತು ಮೂಡಿದಾಗ ಆರು ವರ್ಷದ ಮಗನನ್ನು ಎತ್ತರದ ಜಾಗಕ್ಕೆ ಕರೆದೊಯ್ದು ತೋರಿಸಿದವಳು ತಾಯಿ ಕ್ಯಾಥರೀನಾ.

ಬಡ ಕುಟುಂಬದ ಬುದ್ಧಿವಂತ ಹುಡುಗರನ್ನು ಸಭಾಪಾಲಕರನ್ನಾಗಿ ತಯಾರು ಮಾಡಲು ವುರ್ಟೆಂಬರ್ಗ್ ಸಂಸ್ಥಾನ ವಿದ್ಯಾರ್ಥಿವೇತನ ನೀಡುತ್ತಿತ್ತು. ಆ ನೆರವಿನಿಂದಲೇ ಕೆಪ್ಲರ್ 1589ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಸೇರಿದನು. ಅಲ್ಲಿ ಮೈಕೆಲ್ ಮೆಸ್ಟ್ಲಿನ್ ಎಂಬ ಗುರುವಿನಿಂದ, ಸೂರ್ಯನೇ ಕೇಂದ್ರವೆಂಬ ಕೊಪರ್ನಿಕಸನ ಸಿದ್ಧಾಂತವನ್ನು ಅರಿತನು. ಧರ್ಮಸೇವೆಗೆ ಬಾಳನ್ನು ಮುಡಿಪಿಡಬೇಕೆಂಬುದು ಆತನ ಹಂಬಲವಾಗಿತ್ತು. ಆದರೆ 1594ರಲ್ಲಿ, ವ್ಯಾಸಂಗ ಮುಗಿಯುವ ಮೊದಲೇ, ಆಸ್ಟ್ರಿಯಾದ ಗ್ರಾಟ್ಸ್ ನಗರದ ಶಾಲೆಗೆ ಗಣಿತದ ಉಪಾಧ್ಯಾಯನಾಗಿ ಕಳುಹಿಸಲಾಯಿತು.

ಒಲ್ಲದ ಮನಸ್ಸಿನಿಂದ ಹೊರಟ ಕೆಪ್ಲರ್ ಗ್ರಾಟ್ಸಿನಲ್ಲಿ ತನ್ನ ದಾರಿಯನ್ನು ಕಂಡುಕೊಂಡನು. ದೇವರು ರೇಖಾಗಣಿತದ ನಿಯಮಕ್ಕನುಸಾರವಾಗಿ ವಿಶ್ವವನ್ನು ಸೃಷ್ಟಿಸಿದ್ದಾನೆ, ಮನುಷ್ಯನ ಬುದ್ಧಿ ದೇವರ ಪ್ರತಿರೂಪವಾದುದರಿಂದ ಆ ಗಣಿತವನ್ನು ಅದು ಗ್ರಹಿಸಬಲ್ಲದು ಎಂಬುದು ಆತನ ನಂಬಿಕೆ. ಹಾಗಾದರೆ ಆಕಾಶದ ಅಧ್ಯಯನವೂ ಒಂದು ಆರಾಧನೆಯೇ. 1596ರಲ್ಲಿ ಪ್ರಕಟವಾದ ಮೊದಲ ಪುಸ್ತಕದಲ್ಲಿ ಆರು ಗ್ರಹಗಳ ಅಂತರವನ್ನು ಐದು ಸಮಘನಾಕೃತಿಗಳಿಂದ ವಿವರಿಸಲು ಯತ್ನಿಸಿದನು. ಆ ಕಲ್ಪನೆ ಸರಿಯಾಗಿರಲಿಲ್ಲ. ಆದರೆ ಆಕಾಶದ ರಚನೆಗೆ ಕಾರಣವಿರಲೇಬೇಕೆಂಬ ಹುಡುಕಾಟ ಅಲ್ಲಿಂದ ನಿಲ್ಲಲಿಲ್ಲ. ಬೈಬಲ್ಲಿಗೂ ಕೊಪರ್ನಿಕಸನಿಗೂ ವಿರೋಧವಿಲ್ಲವೆಂದು ವಾದಿಸುವ ಭಾಗವನ್ನು ಕೈಬಿಡುವಂತೆ ಟ್ಯೂಬಿಂಗನ್ನಿನ ಪಂಡಿತರು ಸೂಚಿಸಿದರು. ಯುವಕ ಕೆಪ್ಲರ್ ಒಪ್ಪಿದನು.

1600ರಲ್ಲಿ ಆರ್ಚ್‌ಡ್ಯೂಕ್ ಫರ್ಡಿನೆಂಡನ ಆಜ್ಞೆಯಂತೆ, ಕ್ಯಾಥೊಲಿಕ್ ಮತಕ್ಕೆ ಸೇರಲೊಪ್ಪದ ಪ್ರಾಟೆಸ್ಟಂಟರು ಗ್ರಾಟ್ಸನ್ನು ತೊರೆಯಬೇಕಾಯಿತು. ಕೆಪ್ಲರ್ ಪತ್ನಿಯೊಡನೆ ಪ್ರಾಗ್ ನಗರಕ್ಕೆ ಬಂದು ಖಗೋಳ ವೀಕ್ಷಕ ಟೈಕೊ ಬ್ರಾಹೆಯ ಸಹಾಯಕನಾದನು. ಮರುವರ್ಷವೇ ಟೈಕೊ ತೀರಿಕೊಂಡಾಗ, ಚಕ್ರವರ್ತಿ ಎರಡನೆಯ ರುಡಾಲ್ಫನ ಆಸ್ಥಾನ ಗಣಿತಜ್ಞನ ಪದವಿ ಆತನ ಪಾಲಿಗೆ ಬಂದಿತು.

ಅಲ್ಲಿ ಎದುರಾದುದು ಮಂಗಳ ಗ್ರಹದ ಸಮಸ್ಯೆ. ಗ್ರಹಗಳ ಪಥ ವೃತ್ತವೇ ಆಗಿರಬೇಕೆಂಬ ನಂಬಿಕೆ ಎರಡು ಸಾವಿರ ವರ್ಷಗಳಷ್ಟು ಹಳೆಯದು. ಅದರಂತೆ ವರ್ಷಗಟ್ಟಲೆ ಲೆಕ್ಕ ಹಾಕಿದ ಕೆಪ್ಲರನಿಗೆ ಉಳಿದ ವ್ಯತ್ಯಾಸ ಕೇವಲ 8 ಕಲೆ, ಅಂದರೆ ಒಂದು ಡಿಗ್ರಿಯ 60 ಪಾಲಿನಲ್ಲಿ 8 ಪಾಲು. ಹುಣ್ಣಿಮೆಯ ಚಂದ್ರನ ಅಗಲದ ಕಾಲು ಭಾಗಕ್ಕಿಂತ ಅದು ಹೆಚ್ಚೇನೂ ಅಲ್ಲ. ಬೇರೆ ಯಾರಾದರೂ ಉಪೇಕ್ಷಿಸಬಹುದಾಗಿದ್ದ ತಪ್ಪು ಅದು. ಟೈಕೊನಂತಹ ವೀಕ್ಷಕನನ್ನು ಕೊಟ್ಟ ದೇವರ ಕೃಪೆಯನ್ನು ಕಡೆಗಣಿಸಲಾಗದೆಂದು ಭಾವಿಸಿದ ಕೆಪ್ಲರ್ ತನ್ನ ಲೆಕ್ಕವನ್ನೇ ಬದಿಗಿಟ್ಟನು. 1609ರಲ್ಲಿ ಪ್ರಕಟವಾದ 'ಅಸ್ಟ್ರೊನೊಮಿಯಾ ನೋವಾ' ಗ್ರಂಥದಲ್ಲಿ, ಗ್ರಹಪಥ ದೀರ್ಘವೃತ್ತವೆಂದೂ ಸೂರ್ಯ ಅದರ ಒಂದು ನಾಭಿಯಲ್ಲಿದ್ದಾನೆಂದೂ ಸಾರಿದನು. ಸೂರ್ಯನಿಗೆ ಸಮೀಪವಾದಾಗ ಗ್ರಹದ ವೇಗ ಹೆಚ್ಚುವ ಬಗೆಯನ್ನು ಎರಡನೆಯ ನಿಯಮ ತಿಳಿಸಿತು.

ಹಿಂದೆ ಕೈಬಿಟ್ಟಿದ್ದ ವಾದವನ್ನು ಈ ಗ್ರಂಥದ ಮುನ್ನುಡಿಯಲ್ಲಿ ಧೈರ್ಯವಾಗಿ ಮಂಡಿಸಿದನು. ಬೈಬಲ್ ಜನಸಾಮಾನ್ಯರ ಕಣ್ಣಿಗೆ ಕಾಣುವಂತೆ ಮಾತನಾಡುತ್ತದೆ, ಖಗೋಳಶಾಸ್ತ್ರವನ್ನು ಬೋಧಿಸುವುದು ಅದರ ಉದ್ದೇಶವಲ್ಲ ಎಂಬುದು ಅದರ ಸಾರ.

1612ರಲ್ಲಿ ಕೆಪ್ಲರ್ ಲಿಂಟ್ಸ್ ನಗರಕ್ಕೆ ಬಂದನು. ಅದರ ಹಿಂದಿನ ವರ್ಷವೇ ಪತ್ನಿ ಬಾರ್ಬರಾ ಹಾಗೂ ಆರು ವರ್ಷದ ಮಗನನ್ನು ಕಳೆದುಕೊಂಡಿದ್ದನು. ಲಿಂಟ್ಸಿನ ಲೂಥರನ್ ಸಭಾಪಾಲಕ ಡೇನಿಯಲ್ ಹಿಟ್ಸ್ಲರ್, 1577ರ ಮತಸೂತ್ರಕ್ಕೆ ನಿಶ್ಶರ್ತವಾಗಿ ಸಹಿ ಹಾಕದೆ ಪ್ರಭುಭೋಜನವಿಲ್ಲವೆಂದನು. ಕ್ರಿಸ್ತನ ಶರೀರ ಸರ್ವವ್ಯಾಪಿ ಎಂಬ ಅದರ ವಾದ ಕೆಪ್ಲರನಿಗೆ ಒಪ್ಪಿಗೆಯಾಗಿರಲಿಲ್ಲ. ಕ್ಯಾಲ್ವಿನ್ ಪಂಥದವರನ್ನು ಖಂಡಿಸಲೂ ಮನಸ್ಸಿರಲಿಲ್ಲ. ಒಂದು ಸಹಿಯಿಂದ ಎಲ್ಲವೂ ಸರಿಹೋಗುತ್ತಿತ್ತು. ಆದರೆ 8 ಕಲೆಯ ತಪ್ಪನ್ನು ಮುಚ್ಚಿಡಲಾರದವನು ಮನಸ್ಸಾಕ್ಷಿಗೆ ವಿರುದ್ಧವಾಗಿ ಸಹಿ ಹಾಕುವುದಾದರೂ ಹೇಗೆ?

ಇದೇ ಕಾಲದಲ್ಲಿ ಇನ್ನೊಂದು ಆಘಾತ ಎರಗಿತು. 1615ರಲ್ಲಿ ಲಿಯೊನ್‌ಬರ್ಗಿನಲ್ಲಿ ತಾಯಿ ಕ್ಯಾಥರೀನಾಳ ಮೇಲೆ ಮಾಟಗಾತಿಯೆಂಬ ಆರೋಪ ಹೊರಿಸಲಾಯಿತು. 1620ರಲ್ಲಿ, ಎಪ್ಪತ್ತು ದಾಟಿದ ಆ ವೃದ್ಧೆಯನ್ನು ಬಂಧಿಸಿ ಸರಪಳಿ ತೊಡಿಸಿದರು. ಆ ಕಾಲದ ಜರ್ಮನಿಯಲ್ಲಿ ಇಂತಹ ಆರೋಪ ಹೊತ್ತ ಸಹಸ್ರಾರು ಸ್ತ್ರೀಯರು ಬೆಂಕಿಗೆ ಆಹುತಿಯಾಗಿದ್ದರು. ಕೆಪ್ಲರ್ ಕೆಲಸವನ್ನು ಬದಿಗೊತ್ತಿ ತಾಯಿಯ ರಕ್ಷಣೆಗೆ ಧಾವಿಸಿದನು. ಸಾಕ್ಷಿಗಳ ಮಾತಿನಲ್ಲಿದ್ದ ವಿರೋಧಾಭಾಸಗಳನ್ನು ಒಂದೊಂದಾಗಿ ಬಿಡಿಸಿ, ಮಾಟದ ಫಲವೆಂದು ಹೇಳಲಾದ ಕಾಯಿಲೆಗಳಿಗೆ ಸಹಜ ಕಾರಣಗಳಿವೆಯೆಂದು ದೀರ್ಘ ಲಿಖಿತ ವಾದ ಸಲ್ಲಿಸಿದನು. ಚಿತ್ರಹಿಂಸೆಯ ಉಪಕರಣಗಳನ್ನು ತೋರಿಸಿ ಬೆದರಿಸಿದರೂ ತಾಯಿ ತಪ್ಪೊಪ್ಪಿಕೊಳ್ಳಲಿಲ್ಲ. 14 ತಿಂಗಳ ಸೆರೆವಾಸದ ಬಳಿಕ 1621ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ಆಕೆ ಮರುವರ್ಷ ಕಣ್ಮುಚ್ಚಿದಳು.

1619 ಕೆಪ್ಲರನ ಬಾಳಿನ ವಿಚಿತ್ರ ವರ್ಷ. ಗ್ರಹದ ಪರಿಭ್ರಮಣ ಕಾಲದ ವರ್ಗವು ಸೂರ್ಯನಿಂದ ಅದರ ಸರಾಸರಿ ದೂರದ ಘನಕ್ಕೆ ಅನುಪಾತದಲ್ಲಿದೆಯೆಂಬ ಮೂರನೆಯ ನಿಯಮವುಳ್ಳ 'ಹಾರ್ಮೊನಿಸಿಸ್ ಮುಂಡಿ' ಹೊರಬಂದಿತು. ಆ ನಿಯಮ ಹೊಳೆದದ್ದು ಪುಟ್ಟ ಮಗಳನ್ನು ಮಣ್ಣು ಮಾಡಿದ ಕೆಲವೇ ತಿಂಗಳಲ್ಲಿ. ಸೃಷ್ಟಿಕರ್ತನ ಸ್ತುತಿಗೆಂದೇ ಆತ ಆ ಗ್ರಂಥ ರಚಿಸಿದ್ದನು. ಅದೇ ವರ್ಷ ರೋಮ್, ಕೊಪರ್ನಿಕಸನ ಸಿದ್ಧಾಂತವನ್ನು ಬೋಧಿಸುವ ಆತನ ಪಠ್ಯಗ್ರಂಥವನ್ನು ನಿಷೇಧಿತ ಪುಸ್ತಕಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ ಟ್ಯೂಬಿಂಗನ್ನಿನ ಲೂಥರನ್ ಪಂಡಿತರು ಪ್ರಭುಭೋಜನದ ಕೋರಿಕೆಯನ್ನು ಅಂತಿಮವಾಗಿ ತಿರಸ್ಕರಿಸಿದರು. ಕ್ಯಾಥೊಲಿಕನಾದರೆ ರಾಜಾಶ್ರಯ ಭದ್ರವಾಗುತ್ತಿತ್ತು. ಜೆಸ್ಯುಟ್ ಮಿತ್ರರು ಒತ್ತಾಯಿಸಿದರೂ ಕೆಪ್ಲರ್ ಆ ದಾರಿಯನ್ನು ತುಳಿಯಲಿಲ್ಲ.

ಟೈಕೊನ ವೀಕ್ಷಣೆಗಳನ್ನು ಆಧರಿಸಿದ 'ರುಡಾಲ್ಫೈನ್ ಕೋಷ್ಟಕಗಳು' 1627ರಲ್ಲಿ ಮುದ್ರಣಗೊಂಡವು. ಸಲ್ಲಬೇಕಾದ ಸಂಬಳದ ಬಾಕಿಗಾಗಿ ಅಲೆಯುತ್ತಲೇ 1630ರ ನವೆಂಬರ್ 15ರಂದು ರೆಗೆನ್ಸ್‌ಬರ್ಗಿನಲ್ಲಿ ಕೆಪ್ಲರ್ ನಿಧನನಾದನು. ಮೂವತ್ತು ವರ್ಷಗಳ ಮತಯುದ್ಧ ಆತನ ಸಮಾಧಿಯನ್ನೂ ಉಳಿಸಲಿಲ್ಲ. ಮರುವರ್ಷ ನವೆಂಬರ್ 7ರಂದು, ಆತನ ಲೆಕ್ಕದಂತೆಯೇ ಬುಧ ಗ್ರಹ ಸೂರ್ಯಬಿಂಬವನ್ನು ದಾಟಿತು. ಪ್ಯಾರಿಸಿನಲ್ಲಿ ಅದನ್ನು ವೀಕ್ಷಿಸಿದವನು ಪಿಯರ್ ಗ್ಯಾಸೆಂಡಿ, ಒಬ್ಬ ಕ್ಯಾಥೊಲಿಕ್ ಪಾದ್ರಿ.

ಕೆಪ್ಲರನ ನಿಯಮಗಳು 1687ರಲ್ಲಿ ನ್ಯೂಟನ್ನನ ಗುರುತ್ವ ಸಿದ್ಧಾಂತಕ್ಕೆ ಮುಖ್ಯ ಆಧಾರಗಳಾದವು. ರೋಮಿನ ನಿಷೇಧಪಟ್ಟಿಯಿಂದ ಆತನ ಹೆಸರು ಅಳಿಯಲು 1835ರವರೆಗೆ ಕಾಯಬೇಕಾಯಿತು. ಆತನನ್ನು ಕಾಡಿದ್ದು ವಿಶ್ವಾಸವಲ್ಲ, ವಿಶ್ವಾಸಕ್ಕೆ ಸಹಿ ಬೇಡಿದ ಅಧಿಕಾರ. ಆಕಾಶದೆದುರು ತೋರಿದ ಪ್ರಾಮಾಣಿಕತೆಯನ್ನೇ ದೇವರೆದುರೂ ತೋರಿದ ಕೆಪ್ಲರ್, ಅದಕ್ಕೆ ತೆರಬೇಕಾದ ಬೆಲೆಯನ್ನು ಸಂಪೂರ್ಣವಾಗಿ ತೆತ್ತನು.