ಮಕ್ಕಾಕ್ಕೆ ನೀರು ತಂದ ಝುಬೈದಾ

ಖಲೀಫ ಮನ್ಸೂರರ ಮೊಮ್ಮಗಳು, ಹಾರೂನ್ ರಶೀದರ ಪತ್ನಿ ಝುಬೈದಾ. ಹಜ್ಜಿಗೆ ಹೋದಾಗ ಜನ ನೀರಿಗಾಗಿ ಪಡುವ ಪಾಡು ಕಂಡು ಅವರು ಸುಮ್ಮನೆ ವಾಪಸಾಗಲಿಲ್ಲ. ಸ್ವಂತ ಹಣದಿಂದ ಗುಡ್ಡದ ಬಂಡೆ ಕಡಿಸಿ ಹುನೈನ್‌ನಿಂದ ಮಕ್ಕಾಕ್ಕೆ, ನುಅಮಾನ್ ಕಣಿವೆಯಿಂದ ಅರಫಾಕ್ಕೆ ಕಾಲುವೆ ತಂದರು. ಕೂಫಾದಿಂದ ಬರುವ ಮರುಭೂಮಿ ದಾರಿಯಲ್ಲಿ ಬಾವಿ, ಕೆರೆ ಕಟ್ಟಿಸಿದರು.

809ರಲ್ಲಿ ಗಂಡ ತೀರಿಹೋದರು. 813ರಲ್ಲಿ ಮಗ ಅಮೀನ್ ಅಧಿಕಾರದ ಜಗಳದಲ್ಲಿ ಕೊಲೆಯಾದರು. 831ರಲ್ಲಿ ಝುಬೈದಾ ವಫಾತ್ ಆದರು. ಅರಮನೆ ಉಳಿಯಲಿಲ್ಲ, ಕಾಲುವೆ ಮಾತ್ರ ಆಗಾಗ ದುರಸ್ತಿಯಾಗುತ್ತಾ ಸಾವಿರ ವರ್ಷಕ್ಕೂ ಮಿಕ್ಕಿ ನೀರು ಕೊಟ್ಟಿತು. ಸದಕ ಜಾರಿಯ ಅಂದರೆ ಇದೇ ಅಲ್ವಾ?

ಈಗ ಮಕ್ಕಾಕ್ಕೆ ಕೆಂಪು ಸಮುದ್ರದ ದಡದ ಶುಐಬಾದಿಂದ ಉಪ್ಪು ತೆಗೆದ ನೀರು ಬರುತ್ತದೆ. ನಳ್ಳಿ ತಿರುಗಿಸುವಾಗ ನಾವು ಆ ಮಹಿಳೆಗೊಂದು ದುಆ ಮಾಡೋಣ, ನೀರು ಪೋಲು ಮಾಡದಿರೋಣ.