ಗಡಿಕೋಟೆಗಳು ಬರಿದಾದಾಗ ಜನರೊಂದಿಗೆ ನಿಂತ ಸಂತ ಸೆವೆರಿನುಸ್

ಜನವರಿ 8ರಂದು ನಾವು ಸ್ಮರಿಸುವ ಸಂತ ಸೆವೆರಿನುಸ್ ಅವರು ಐದನೇ ಶತಮಾನದ ಸನ್ಯಾಸಿ. ಇಂದಿನ ಆಸ್ಟ್ರಿಯಾದ ಡ್ಯಾನ್ಯೂಬ್ ನದಿತೀರ ಅವರ ಸೇವಾಕ್ಷೇತ್ರ. ತಮ್ಮ ಹುಟ್ಟೂರು ಯಾವುದೆಂದು ಅವರು ಯಾರಿಗೂ ತಿಳಿಸಲಿಲ್ಲ.

ಆಗ ಈ ನದಿಯೇ ರೋಮ್ ಸಾಮ್ರಾಜ್ಯದ ಗಡಿ. ದಕ್ಷಿಣ ದಡದುದ್ದಕ್ಕೂ ಕೋಟೆಗಳು ಮತ್ತು ಕಾವಲು ಗೋಪುರಗಳಿದ್ದವು. ಸಾಮ್ರಾಜ್ಯ ಸೊರಗಿದಂತೆ ಸೈನಿಕರ ಸಂಬಳ ನಿಂತಿತು, ಪಡೆಗಳು ಚದುರಿದವು. ಬತಾವಿಸ್ (ಇಂದಿನ ಪಸ್ಸಾವು) ಕೋಟೆಯ ಕೆಲವು ಸೈನಿಕರು ಕೊನೆಯ ಸಂಬಳ ತರಲು ಇಟಲಿಗೆ ಹೊರಟು ದಾರಿಯಲ್ಲೇ ಹತರಾದರು. ಅವರ ಶವಗಳನ್ನು ನದಿಯೇ ದಡಕ್ಕೆ ತಂದು ಹಾಕಿತು.

ಗೋಡೆಗಳಿದ್ದವು, ಕಾಯುವವರಿರಲಿಲ್ಲ. ಆಗ ಸೆವೆರಿನುಸ್ ಅವರು ಊರೂರುಗಳಿಂದ ದಶಾಂಶವಾಗಿ ಧಾನ್ಯ, ಬಟ್ಟೆ ಸಂಗ್ರಹಿಸಿ ಬಡವರಿಗೆ ಹಂಚಿದರು. ಹಣ ತೆತ್ತು ಸೆರೆಯಾಳುಗಳನ್ನು ಬಿಡಿಸಿದರು. ಅಲೆಮನ್ನಿ ಮತ್ತು ರೂಗಿ ಜನಾಂಗಗಳ ಅರಸರೊಂದಿಗೆ ನಿರ್ಭಯವಾಗಿ ಮಾತನಾಡಿದರು. ನದಿ ಹೆಪ್ಪುಗಟ್ಟುವ ಚಳಿಯಲ್ಲೂ ಬರಿಗಾಲಿನಲ್ಲೇ ನಡೆದರು. ಮೇಲಣ ಕೋಟೆಗಳನ್ನು ಉಳಿಸಿಕೊಳ್ಳಲಾಗದೆ ಹೋದಾಗ ಜನರನ್ನು ಲೌರಿಯಾಕುಮ್‌ಗೆ, ಅಲ್ಲಿಂದ ಇನ್ನೂ ಕೆಳಗಿನ ಊರುಗಳಿಗೆ ಕರೆತಂದರು.

482ರಲ್ಲಿ ಫಾವಿಯಾನಿಸ್ (ಇಂದಿನ ಮೌಟೆರ್ನ್) ಮಠದಲ್ಲಿ ಅವರು ದೈವಾಧೀನರಾದರು. 488ರಲ್ಲಿ ಅರಸ ಓಡೊಆಸೆರ್ ಅಲ್ಲಿನ ರೋಮನ್ ಜನರನ್ನು ಇಟಲಿಗೆ ಕರೆಸಿಕೊಂಡಾಗ, ಶಿಷ್ಯರು ಗುರುವಿನ ಪಾರ್ಥಿವ ಶರೀರವನ್ನೂ ಜತೆಗೆ ಕೊಂಡೊಯ್ದರು. ಶಿಷ್ಯ ಯುಜಿಪ್ಪಿಯುಸ್ 511ರಲ್ಲಿ ಅವರ ಚರಿತ್ರೆ ಬರೆದರು.

ಆ ಗಡಿಯ ಅವಶೇಷಗಳು 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕಲ್ಲಿನ ಕೋಟೆ ಕೈಕೊಟ್ಟಾಗ ಜನರನ್ನು ಉಳಿಸಿದ್ದು ಹಂಚಿಕೊಂಡ ಧಾನ್ಯ, ಬಿಟ್ಟುಹೋಗದ ಒಬ್ಬ ಸೇವಕ. ನಮ್ಮ ಧರ್ಮಕೇಂದ್ರಗಳಲ್ಲೂ ಕಷ್ಟದಲ್ಲಿರುವವರ ಜತೆ ಹೀಗೆಯೇ ನಿಲ್ಲೋಣ.