ಜನವರಿ 26 ಮತ್ತು ಸಂಗೊಳ್ಳಿ ರಾಯಣ್ಣ

ಗಣರಾಜ್ಯೋತ್ಸವದಂದು ಧ್ವಜವಂದನೆಯಾದ ಮೇಲೆ ಪೀಣ್ಯದ ಕಾರ್ಖಾನೆಗಳಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿಯೂ ರಸಪ್ರಶ್ನೆ ಕೇಳುವ ರೂಢಿಯುಂಟು. ಆಗಸ್ಟ್ 15ರಂದು ಹುಟ್ಟಿ ಜನವರಿ 26ರಂದು ಗಲ್ಲಿಗೇರಿದ ಕನ್ನಡಿಗನಾರೆಂಬುದು ಅವುಗಳಲ್ಲಿ ಬಹಳ ಸವೆದ ಪ್ರಶ್ನೆ. ಸಂಗೊಳ್ಳಿ ರಾಯಣ್ಣನೆಂದು ಉತ್ತರ ಬಂದೊಡನೆ ಚಪ್ಪಾಳೆ. ಅಲ್ಲಿಗೆ ಆತನ ಕಥೆ ಮುಗಿಯಿತು. ವೈಟ್‌ಫೀಲ್ಡಿನಿಂದ ಮೆಟ್ರೋದಲ್ಲಿ ಬರುವವರು ಬೆಂಗಳೂರಿನ ದೊಡ್ಡ ರೈಲು ನಿಲ್ದಾಣದ ಹೆಸರಾಗಿ ಆತನನ್ನು ದಿನವೂ ಕೇಳುತ್ತಾರೆ. ದಿನಾಂಕವನ್ನೂ ನಿಲ್ದಾಣವನ್ನೂ ಬಲ್ಲವರು ಮನುಷ್ಯನನ್ನು ಅರಿಯದೆ ಹೋಗುವುದು ನಮಗೆ ಸಮ್ಮತವಲ್ಲ.

ಬೈಲಹೊಂಗಲದ ಸೀಮೆಯ ಸಂಗೊಳ್ಳಿಯ ಕುರುಬರ ಮನೆತನದಲ್ಲಿ ರಾಯಣ್ಣನು ಜನಿಸಿದನು. ನಾಡು ಆಚರಿಸುವ ಜನ್ಮದಿನ 1798ರ ಆಗಸ್ಟ್ 15. ಕಿತ್ತೂರು ಸಂಸ್ಥಾನದ ಊಳಿಗದವನಾದ ಆತನಿಗೆ ಊರ ಕಾವಲಿನ ಕೆಲಸವೂ ಅದಕ್ಕೆ ಸಂದ ಹೊಲವೂ ಇದ್ದವು. 1824ರಲ್ಲಿ ಕಿತ್ತೂರಿನ ದೊರೆ ಮಕ್ಕಳಿಲ್ಲದೆ ತೀರಿಕೊಂಡಾಗ ಕುಂಪಣಿ ಸರಕಾರವು ದತ್ತಕವನ್ನು ಒಪ್ಪಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ಸೆರೆಯಾದ ರಾಣಿ ಚೆನ್ನಮ್ಮಾಜಿಯವರು 1829ರ ಫೆಬ್ರವರಿ 2ರಂದು ಬೈಲಹೊಂಗಲದಲ್ಲಿ ಕಾಲವಾದರು. ರಾಯಣ್ಣನೂ ಸೆರೆಸಿಕ್ಕಿ ಬಿಡುಗಡೆ ಹೊಂದಿದ್ದನು. ಆತನ ಹೊಲದಲ್ಲಿ ಒಂದು ಪಾಲನ್ನು ಸರಕಾರ ಕಸಿದುಕೊಂಡು, ಉಳಿದುದರ ಮೇಲೆ ಭಾರವಾದ ಕಂದಾಯ ಹೇರಿತ್ತು.

ಒಡತಿ ಹೋದಳು, ಕೋಟೆ ಹೋಯಿತು. ಊಳಿಗದವನು ತನ್ನ ಪಾಡಿಗೆ ತಾನಿದ್ದಿದ್ದರೆ ಯಾರೂ ಆತನನ್ನು ಹಳಿಯುತ್ತಿರಲಿಲ್ಲ. ಆದರೆ 1830ರ ಆರಂಭದಲ್ಲಿ ರಾಯಣ್ಣನು ದತ್ತಕ ಬಾಲಕ ಶಿವಲಿಂಗಪ್ಪನಿಗೆ ಪಟ್ಟ ಕಟ್ಟಬೇಕೆಂದು ರೈತಾಪಿ ಜನರ ದಂಡನ್ನು ಕೂಡಿಸಿ ಎದ್ದನು. ಸರಕಾರಿ ಕಚೇರಿಗಳಿಗೆ ಬೆಂಕಿಯಿಟ್ಟನು, ಖಜಾನೆಗಳ ಮೇಲೆ ಬಿದ್ದನು, ಸಿರಿವಂತ ಜಮೀನುದಾರರಿಂದ ಹಣ ವಸೂಲು ಮಾಡಿದನು. ಕಾಗದಪತ್ರಗಳನ್ನು ಸುಟ್ಟುದು ಬರಿಯ ಪುಂಡಾಟವೆಂದು ತಿಳಿಯಲಾಗದು. ರೈತನ ಕೊರಳಿನ ಉರುಲು ಆ ಕಾಗದಗಳಲ್ಲಿಯೇ ಇದ್ದಿತು. ಬಯಲಿನ ಯುದ್ಧಕ್ಕೆ ನಿಲ್ಲದೆ ಕಾಡಿನಿಂದ ಬಂದು ಹೊಡೆದು ಕಾಡಿಗೆ ಮರಳುವ ಈ ದಂಡನ್ನು ಹಿಡಿಯಲು ಕುಂಪಣಿಯ ಸಿಪಾಯಿಗಳಿಂದಾಗಲಿಲ್ಲ. ಹಿಡಿದುಕೊಟ್ಟವರು ನಮ್ಮವರೇ. ಆ ವರ್ಷದ ಏಪ್ರಿಲಿನಲ್ಲಿ ರಾಯಣ್ಣನು ಮೋಸದಿಂದ ಸೆರೆಯಾದನು. 1831ರ ಜನವರಿ 26ರಂದು ನಂದಗಡದ ಬಳಿ ಆತನನ್ನು ಗಲ್ಲಿಗೇರಿಸಿದರು.

ಇನ್ನು ದಿನಾಂಕದ ಮಾತು. ಲಾಹೋರ್ ಕಾಂಗ್ರೆಸ್ಸಿನ ಪೂರ್ಣ ಸ್ವರಾಜ್ಯದ ನಿರ್ಣಯವನ್ನು ದೇಶವೆಲ್ಲ ಸಾರಲು 1930ರ ಜನವರಿಯ ಕೊನೆಯ ಭಾನುವಾರ ಗೊತ್ತಾಯಿತು. ಅದು 26ನೆಯ ತಾರೀಖಾಗಿತ್ತು. ಅದರ ನೆನಪಿಗಾಗಿಯೇ 1950ರಲ್ಲಿ ಸಂವಿಧಾನವು ಅದೇ ದಿನ ಜಾರಿಗೆ ಬಂದಿತು. ಆಗಸ್ಟ್ 15ನ್ನು ಆರಿಸಿದ ಮೌಂಟ್‌ಬ್ಯಾಟನ್ನರ ಮನಸ್ಸಿನಲ್ಲಿದ್ದುದು ಜಪಾನಿನ ಶರಣಾಗತಿ. ರಾಯಣ್ಣನನ್ನು ನೆನೆದು ಯಾರೂ ಈ ದಿನಗಳನ್ನು ಗೊತ್ತುಮಾಡಲಿಲ್ಲ. ಹೊಂದಿಕೆ ಕಾಕತಾಳೀಯವಾದುದು, ಅದನ್ನು ದೈವಸಂಕಲ್ಪವೆಂದು ಹಾಡುವವರೊಡನೆ ನಮಗೆ ಜಗಳವಿಲ್ಲ. ಆದರೆ ಮುಂದಿನ ಜನವರಿಯಲ್ಲಿ ಪ್ರಶ್ನೆ ಕೇಳುವವರು, ಆತನು ಸುಟ್ಟ ಕಾಗದಗಳು ಯಾವುವು, ಆತನನ್ನು ಹಿಡಿಯಲು ನೆರವಾದವರು ಯಾರು ಎಂಬುದನ್ನೂ ಕೇಳಬಾರದೇಕೆ?

ನಂದಗಡದಲ್ಲಿ ಆತನ ಸಮಾಧಿಯ ಬಳಿ ಒಂದು ಆಲದ ಮರವಿದೆ. ಗೆಳೆಯನೊಬ್ಬನು ನೆಟ್ಟನೆಂದು ಪ್ರತೀತಿ. ಮಕ್ಕಳಾಗಲೆಂದು ಹರಸಿಕೊಂಡವರು ಅಲ್ಲಿ ತೊಟ್ಟಿಲು ಕಟ್ಟಿ ಹೋಗುತ್ತಾರೆ.